ಬರುವವನಿಗಾಗಿ ನಾಲ್ಕು ರವಿವಾರ

ಮಾರ್ಗಶಿರ ಮಾಸದ ಮುಂಜಾವಿನಲ್ಲಿ ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಹೊರಟ ಪಥಿಕನ ಕಣ್ಣಿಗೆ ದಾರಿಯ ಎರಡೂ ಬದಿಗೆ ಬೀಳುವುದು ಎರೆಯ ಹೊಲ. ಹೊಲದ ತುಂಬ ಹಿಂಗಾರಿ ಜೋಳ. ಜೋಳದ ಎಲೆಯ ಮೇಲೆ ಇಬ್ಬನಿ. ಮಳೆ ನಿಂತು ಬಹಳ ದಿನಗಳಾಗಿರುತ್ತವೆ. ಇನ್ನೊಂದು ಮಳೆ ಬಂದೀತೆಂಬ ಭರವಸೆ ಒಕ್ಕಲಿಗನಿಗಿಲ್ಲ. ಕರಿಯ ಭೂಮಿ ತನ್ನ ಒಡಲಿನಲ್ಲಿ ಹಿಡಿದಿಟ್ಟುಕೊಂಡ ತೇವವನ್ನೂ ರಾತ್ರಿ ಇಳಿಯುವ ಈ ಹನಿಗಳನ್ನೂ ನಂಬಿಯೇ ಪೈರು ತೆನೆಗಟ್ಟಬೇಕು. ಬಿತ್ತಿದ್ದಾಯಿತು, ಎಡೆ ಹೊಡೆದದ್ದಾಯಿತು, ಕಳೆ ತೆಗೆದದ್ದಾಯಿತು. ಇನ್ನುಳಿದದ್ದು ಕಾಯುವ ಕೆಲಸ. ಕನ್ನಡದ ಈ 'ಕಾಯು' ಎಂಬ ಧಾತು ಬಲು ಸೊಗಸಾದುದು. ನಿರೀಕ್ಷಿಸುವುದೂ ಕಾಯುವುದೇ, ಎಚ್ಚರದಿಂದ ರಕ್ಷಿಸುವುದೂ ಕಾಯುವುದೇ, ಬೆಂಕಿಯ ಮೇಲೆ ಬಿಸಿಯಾಗುವುದೂ ಕಾಯುವುದೇ. ಬರಿಯ ಸುಮ್ಮನೆ ಕುಳಿತಿರುವಿಕೆಗೆ ಈ ಶಬ್ದ ಒಗ್ಗುವುದಿಲ್ಲ.

ಇದೇ ದಿನಗಳಲ್ಲಿ ಕ್ರೈಸ್ತ ಧರ್ಮೀಯರೂ ಒಂದು ಕಾಯುವಿಕೆಯಲ್ಲಿ ತೊಡಗಿರುತ್ತಾರೆ. ಕ್ರಿಸ್‌ಮಸ್ ಹಬ್ಬವನ್ನು ಅರಿಯದವರು ಪಟ್ಟಣಗಳಲ್ಲಿ ಯಾರೂ ಇರಲಾರರು. ಅಂಗಡಿಗಳಲ್ಲಿ ತೂಗುವ ಕಾಗದದ ನಕ್ಷತ್ರಗಳು, ಬೇಕರಿಯ ಕೇಕು, ಬಣ್ಣದ ದೀಪಗಳು ಎಲ್ಲರಿಗೂ ಪರಿಚಿತವೇ ಸರಿ. ಆದರೆ ಈ ಹಬ್ಬದ ಹಿಂದೆ ನಾಲ್ಕು ರವಿವಾರಗಳ ಒಂದು ವ್ರತಕಾಲವಿದೆಯೆಂಬುದು, ಆ ಕಾಲದಲ್ಲಿ ನಕ್ಷತ್ರವನ್ನು ತೂಗುಹಾಕುವುದಕ್ಕಿಂತ ಮನಸ್ಸಿನ ಮೂಲೆಗಳನ್ನು ಗುಡಿಸುವುದು ಮುಖ್ಯವೆಂಬುದು, ಹಲವು ಕ್ರೈಸ್ತ ಮನೆಗಳಲ್ಲಿಯೂ ಮರೆತುಹೋಗುತ್ತಲಿದೆ. ಲ್ಯಾಟಿನ್ ಭಾಷೆಯ 'ಅಡ್ವೆಂಟಸ್' ಎಂದರೆ ಬರುವಿಕೆ. ಕನ್ನಡ ಕಥೋಲಿಕರು ಇದನ್ನು 'ಆಗಮನ ಕಾಲ' ಎಂದು ಕರೆಯುತ್ತಾರೆ.

ಪಾಶ್ಚಾತ್ಯ ಸಂಪ್ರದಾಯದ ಕ್ರೈಸ್ತರ ಧಾರ್ಮಿಕ ವರ್ಷ ಆರಂಭವಾಗುವುದು ಜನವರಿ 1ರಂದಲ್ಲ. ನವೆಂಬರ್ 30ಕ್ಕೆ ಅತ್ಯಂತ ಸಮೀಪವಾದ ರವಿವಾರದಂದು. 2025ರಲ್ಲಿ ಆ ದಿನವೇ ರವಿವಾರವಾಗಿದ್ದಿತು. ಅಂದಿನಿಂದ ಡಿಸೆಂಬರ್ 24ರವರೆಗೆ, ವರ್ಷಕ್ಕೆ ತಕ್ಕಂತೆ 22ರಿಂದ 28 ದಿನಗಳ ಕಾಲ, ಕಥೋಲಿಕ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ. ರವಿವಾರಗಳ ಬಲಿಪೂಜೆಯಲ್ಲಿ ಎಂದಿನಂತೆ ಕೇಳಿಬರುವ ಮಹಿಮಾಗೀತೆ ಈ ನಾಲ್ಕು ವಾರ ಕೇಳಿಸುವುದಿಲ್ಲ. ಮೂರನೆಯ ರವಿವಾರ ಮಾತ್ರ ನೇರಳೆಯ ಬದಲು ಗುಲಾಬಿ ಬಣ್ಣ ಇಣುಕುವುದುಂಟು. ಉಪವಾಸದ ನಡುವೆ ಒಂದು ಗುಟುಕು ನೀರಿನಂತೆ. ಐದನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸ್ ದೇಶದ ತೂರ್ ನಗರದ ಬಿಷಪ್ ಪೆರ್ಪೆತುವಸ್ ಎಂಬವರು ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ವಿಧಿಸಿದರೆಂದು ಚರಿತ್ರೆ ಹೇಳುತ್ತದೆ. ಉಪವಾಸದ ಕಟ್ಟು ಕಾಲಕ್ರಮದಲ್ಲಿ ಸಡಿಲವಾಯಿತು. ನೇರಳೆ ಬಣ್ಣ ಮಾತ್ರ ಉಳಿಯಿತು.

ಬರುವಾತನು ಎರಡು ಸಾವಿರ ವರ್ಷಗಳ ಹಿಂದೆಯೇ ಬಂದುಹೋದನಲ್ಲ, ಮತ್ತೆ ಯಾರಿಗಾಗಿ ಈ ಕಾಯುವಿಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಹನ್ನೆರಡನೆಯ ಶತಮಾನದ ಫ್ರೆಂಚ್ ಸಂತ ಬರ್ನಾರ್ಡರು ಇದಕ್ಕೆ ಉತ್ತರವಾಗಿ ಮೂರು ಆಗಮನಗಳನ್ನು ಹೇಳಿದರು. ಬೆತ್ಲೆಹೇಮಿನ ಗೋದಲಿಯಲ್ಲಿ ಆದದ್ದು ಮೊದಲನೆಯದು. ಲೋಕದ ಅಂತ್ಯದಲ್ಲಿ ಆಗುವುದು ಕೊನೆಯದು. ಇವೆರಡನ್ನೂ ಎಲ್ಲರೂ ಬಲ್ಲರು. ಇವುಗಳ ನಡುವೆ ಯಾರ ಕಣ್ಣಿಗೂ ಬೀಳದಂತೆ, ಮನುಷ್ಯನ ಹೃದಯದಲ್ಲಿ ಆಗುವ ಆಗಮನ ಮತ್ತೊಂದು. ಆಗಮನ ಕಾಲದ ಸಿದ್ಧತೆಯೆಲ್ಲ ಈ ನಡುವಿನದಕ್ಕಾಗಿ. ಬರ್ನಾರ್ಡರು ತಮ್ಮ ಮಠದಲ್ಲಿ ಇದನ್ನು ಬೋಧಿಸಿದ ಶತಮಾನದಲ್ಲಿಯೇ ಇತ್ತ ಕಲ್ಯಾಣದಲ್ಲಿ ಶರಣರು ಕಲ್ಲಿನ ಗುಡಿಗಿಂತ ದೇಹವೇ ದೇಗುಲವೆಂಬ ನಿಲುವನ್ನು ತಾಳಿದ್ದರೆಂಬುದು ನೆನಪಿಡತಕ್ಕ ಸಂಗತಿ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಿಲ್ಲ.

ಈ ಎರಡು ಪರಂಪರೆಗಳು ಪರಸ್ಪರ ಹೆಸರು ಕೇಳಿ, ಒಂದೇ ಸೂರಿನ ಕೆಳಗೆ ಕುಳಿತ ಸ್ಥಳವೊಂದು ಬೈಲಹೊಂಗಲದ ಸೀಮೆಯಲ್ಲಿಯೇ ಇದೆ. ಅದು ದೇಶನೂರು. ಅಲ್ಲಿಯ ಕಥೋಲಿಕ ದೇವಾಲಯದ ಹೆಸರು ಕೇಳಿದವರು ಒಂದು ಕ್ಷಣ ಬೆರಗಾಗುತ್ತಾರೆ: ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಗೋವೆಯ ಕಡೆಯಿಂದ ಬಂದ ಯೇಸುಸಭೆಯ ಗುರುಗಳು ಕಳೆದ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಲಿಂಗಾಯತ ವಿರಕ್ತರ ಜೀವನಕ್ರಮವನ್ನು ಹತ್ತಿರದಿಂದ ಕಂಡು, ಕಾವಿ ಉಟ್ಟರು, ಶಾಕಾಹಾರವನ್ನು ಅಂಗೀಕರಿಸಿದರು, ನೆಲದ ಮೇಲೆ ಕುಳಿತು ಪೂಜೆ ಮಾಡತೊಡಗಿದರು. ಅವರಲ್ಲಿ ಅರ್ಮಾಂಡೊ ಆಲ್ವಾರಿಸ್ ಎಂಬ ಪಾದ್ರಿಗಳು ಅನಿಮಾನಂದಸ್ವಾಮಿ ಎಂಬ ಹೆಸರನ್ನೇ ತಾಳಿದರು.

ಈ ಅರುಳಪ್ಪ ಯಾರು? ಪ್ರಾಟೆಸ್ಟಂಟ್ ಕ್ರೈಸ್ತರು 'ಸ್ನಾನಿಕ ಯೋಹಾನ' ಎಂದು ಕರೆಯುವ ಪ್ರವಾದಿಯೇ ಈತ. ಯೋಹಾನ ಎಂಬ ಹೀಬ್ರೂ ಹೆಸರಿಗೆ 'ದೇವರು ಕೃಪೆ ತೋರಿದನು' ಎಂದರ್ಥ. ತಮಿಳಿನಲ್ಲಿ ಅರುಳ್ ಎಂದರೆ ಕೃಪೆ, ಅದರಿಂದ ಅರುಳಪ್ಪರ್, ಅದೇ ಕನ್ನಡ ಕಥೋಲಿಕರ ಹಳೆಯ ಬಳಕೆಯಲ್ಲಿ ಅರುಳಪ್ಪ. ಬೇರೆ ದೇಶದ ಸಂತನೊಬ್ಬನ ಹೆಸರು ಬಸಪ್ಪ, ಮಲ್ಲಪ್ಪ, ಅರುಳಪ್ಪ ಎಂದು ಒಂದೇ ಉಸಿರಿನಲ್ಲಿ ಹೇಳಬಹುದಾದಷ್ಟು ಇಲ್ಲಿಯದಾಗಿಬಿಟ್ಟಿತು. ಒಂಟೆಯ ಕೂದಲಿನ ಉಡುಪು ತೊಟ್ಟು, ಮಿಡತೆ ಮತ್ತು ಕಾಡುಜೇನನ್ನು ತಿಂದು, ಅರಣ್ಯದಲ್ಲಿ ವಾಸಮಾಡಿದ ಈ ಪುರುಷನು ಪಾಶ್ಚಾತ್ಯ ಚಿತ್ರಕಾರರ ಕೈಯಲ್ಲಿ ಎಷ್ಟೋ ರೂಪಗಳನ್ನು ತಾಳಿದ್ದಾನೆ. ಆದರೆ ಆತನನ್ನು ವಿರಕ್ತನೆಂದು ಕರೆದದ್ದು ದೇಶನೂರು. ಇದಕ್ಕಿಂತ ಒಪ್ಪುವ ಬಿರುದು ಬೇರೊಂದು ಇರಲಾರದು.

ಆಗಮನ ಕಾಲಕ್ಕೂ ಈ ವಿರಕ್ತನಿಗೂ ಅಗಲದ ನಂಟು. ನಾಲ್ಕು ರವಿವಾರಗಳಲ್ಲಿ ಎರಡನೆಯ ಮತ್ತು ಮೂರನೆಯ ರವಿವಾರಗಳ ಶುಭಸಂದೇಶವಾಚನದಲ್ಲಿ ಪ್ರಧಾನ ಪಾತ್ರ ಆತನದೇ. ಪ್ರಭುವಿನ ದಾರಿಯನ್ನು ನೆಟ್ಟಗೆ ಮಾಡಿರೆಂದು ಆತನು ಕೂಗಿದನೆಂಬುದು ಪ್ರಸಿದ್ಧ. ಅರಸನು ಬರುವ ಮುನ್ನ ಊರಿನ ರಸ್ತೆಯ ತಗ್ಗು ತುಂಬಿ ದಿಣ್ಣೆ ಅಗೆಯುವುದು ಹಿಂದಿನಿಂದ ಬಂದ ಪದ್ಧತಿ. ಈಗಲೂ ಮಂತ್ರಿಗಳು ಬರುವ ಹಿಂದಿನ ದಿನ ಹಾಗೆಯೇ ಆಗುತ್ತದೆ! ಆದರೆ ಇಲ್ಲಿ ಹಸನಾಗಬೇಕಾದ ದಾರಿ ಮನುಷ್ಯನ ಒಳಗಿನದು. ಹಾಗಾದರೆ ಮಾಡತಕ್ಕದ್ದೇನು ಎಂದು ಜನರು ಕೇಳಿದಾಗ ಆತನಿತ್ತ ಉತ್ತರ ಲೂಕನ ಗ್ರಂಥದ ಮೂರನೆಯ ಅಧ್ಯಾಯದಲ್ಲಿದೆ. ಧ್ಯಾನಮಾಡಿರಿ, ಜಪಮಾಡಿರಿ ಎಂದು ಆತನು ಹೇಳಲಿಲ್ಲ. ಎರಡು ಅಂಗಿಗಳುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದನು. ಸುಂಕದವರು ಕೇಳಿದರೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿರಿ ಎಂದನು. ಸಿಪಾಯಿಗಳು ಕೇಳಿದರೆ, ಹೆದರಿಸಿ ಹಣ ಕೀಳದೆ ಸಂಬಳದಲ್ಲಿ ತೃಪ್ತರಾಗಿರಿ ಎಂದನು. ಹೃದಯಶುದ್ಧಿ ಎಂಬ ದೊಡ್ಡ ಮಾತನ್ನು ಅಂಗಿ, ಸುಂಕ, ಸಂಬಳಗಳಿಗೆ ತಂದು ನಿಲ್ಲಿಸಿದ ಈ ಉತ್ತರವನ್ನು ಕಾಯಕ ದಾಸೋಹಗಳ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ ತಕ್ಕಡಿ ಹಿಡಿಯುವ ಕೈಗೆ ಅದು ಒಡನೆಯೇ ಅರ್ಥವಾಗುವ ಮಾತು.

ದೇಶನೂರಿನ ಈ ಪ್ರಯೋಗ ಎಲ್ಲರಿಗೂ ಹಿತವಾಯಿತೆಂದು ಹೇಳುವಂತಿಲ್ಲ. 2019ರ ಆಗಸ್ಟ್ ಕೊನೆಯಲ್ಲಿ ಬೆಳಗಾವಿಯ ಬಿಷಪ್ಪರು ಅಲ್ಲಿ ಕಾವಿಯ ವಸ್ತ್ರ ಹೊದ್ದು, ಹಣೆಗೆ ತಿಲಕವಿಟ್ಟು ಪೂಜೆಯಲ್ಲಿ ಭಾಗವಹಿಸಿದ ಚಿತ್ರಗಳು ಊರೂರಿಗೆ ಹರಡಿದಾಗ, ಇದೆಲ್ಲಿಯ ಕ್ರೈಸ್ತಧರ್ಮವೆಂದು ಕಥೋಲಿಕರಲ್ಲಿಯೇ ಕೆಲವರು ಸಿಡುಕಿದರು. ಇನ್ನೊಂದು ಕಡೆಯಿಂದ, ಕಾವಿ ಜನರನ್ನು ಮರುಳುಗೊಳಿಸುವ ವೇಷವೆಂಬ ಸಂಶಯ. ಎರಡೂ ಆಕ್ಷೇಪಗಳು ಹೊಸವಲ್ಲ. ಇಟಲಿಯ ರೊಬೆರ್ತೊ ದೆ ನೊಬಿಲಿ 1606ರಲ್ಲಿ ಮಧುರೆಗೆ ಬಂದು ಸಂನ್ಯಾಸಿಯ ಉಡುಪು ತೊಟ್ಟಾಗಲೂ ಇದೇ ಗದ್ದಲವೆದ್ದಿತು. 1623ರಲ್ಲಿ ಪೋಪರ ಅಪ್ಪಣೆ ಬರುವವರೆಗೆ ಆತನು ತನ್ನವರಿಂದಲೇ ದೂಷಣೆಗೆ ಒಳಗಾಗಿದ್ದನು. ಸಂಶಯ ತಾಳುವವರನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ. ತಮ್ಮ ಮಠದ ಲಾಂಛನವನ್ನು ಇನ್ನೊಬ್ಬರು ಧರಿಸಿದಾಗ ಇರಿಸುಮುರಿಸಾಗುವುದು ಮನುಷ್ಯಸ್ವಭಾವ. ಆದರೆ ವೇಷಕ್ಕೂ ದೀಕ್ಷೆಗೂ ಇರುವ ಅಂತರ ಕಾಲದ ಒರೆಗಲ್ಲಿನಲ್ಲಿ ತಿಳಿಯುತ್ತದೆ. ವೇಷವು ಜಾತ್ರೆ ಮುಗಿದೊಡನೆ ಕಳಚುತ್ತದೆ. ದಶಕಗಟ್ಟಲೆ ಒಂದು ಹಳ್ಳಿಯಲ್ಲಿದ್ದು ಅಲ್ಲಿಯ ರೊಟ್ಟಿಯನ್ನೇ ತಿಂದು ಬಾಳುವುದು ವೇಷಧಾರಿಯಿಂದ ಆಗುವ ಕೆಲಸವಲ್ಲ.

ಕ್ರೈಸ್ತರ ಆಗಮನ ಕಾಲದಲ್ಲಿಯೇ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಇನ್ನೊಂದು ಬಗೆಯ ರಿಕ್ತಕಾಲ ಆರಂಭವಾಗುವುದನ್ನು ಪಂಚಾಂಗ ನೋಡುವವರು ಬಲ್ಲರು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು, ಜಮದಗ್ನಿಯು ಕಾರ್ತವೀರ್ಯನ ಕಡೆಯವರಿಂದ ಹತನಾದನೆಂಬ ಕಥೆಯಂತೆ, ರೇಣುಕೆಗೆ ವೈಧವ್ಯ. ಬಳೆಗಳು ಒಡೆಯುತ್ತವೆ. ಎರಡು ತಿಂಗಳು ಕಳೆದು ಮಾಘದ ಭಾರತ ಹುಣ್ಣಿಮೆ ಬಂದಾಗ ತಾಯಿ ಮರಳಿ ಮುತ್ತೈದೆ. ಆ ಹುಣ್ಣಿಮೆಗೆ ಮುತ್ತೈದೆ ಹುಣ್ಣಿಮೆಯೆಂದೇ ಹೆಸರು. ಈ ಗುಡ್ಡದ ಭಕ್ತಿಯ ನೆರಳಿನಲ್ಲಿ ಎಷ್ಟೋ ಬಡ ಹೆಣ್ಣುಮಕ್ಕಳ ಬಾಳು ಹಾಳಾದದ್ದನ್ನೂ, ಅದನ್ನು ತಡೆಯಲು 1982ರಲ್ಲಿ ದೇವದಾಸಿ ಸಮರ್ಪಣ ನಿಷೇಧದ ಕಾನೂನು ಬರಬೇಕಾದದ್ದನ್ನೂ ಮರೆಯಲಾಗದು. ಬಳೆ ಕಳೆದುಕೊಂಡ ದೇವಿ ಎರಡು ತಿಂಗಳಲ್ಲಿ ಮತ್ತೆ ತೊಡುತ್ತಾಳೆ. ಮನುಷ್ಯಲೋಕದ ವಿಧವೆಗೆ ಆ ಹುಣ್ಣಿಮೆಯನ್ನು ಸಮಾಜ ಸುಲಭವಾಗಿ ಕೊಡಲಿಲ್ಲ. ಅದು ಬೇರೆಯೇ ಲೇಖನದ ವಸ್ತು. ಇಲ್ಲಿ ಗಮನಿಸತಕ್ಕದ್ದು ಇಷ್ಟು: ಸಂಭ್ರಮಕ್ಕೆ ಮುನ್ನ ಅಲಂಕಾರವನ್ನು ಕಳಚಿಡುವ ಒಂದು ಕಾಲ ಬೇಕೆಂಬುದು ಈ ಗುಡ್ಡದ ಜನಕ್ಕೆ ಹೊರಗಿನಿಂದ ಬಂದ ವಿಚಾರವಲ್ಲ. ಮಹಿಮಾಗೀತೆಯನ್ನು ನಾಲ್ಕು ರವಿವಾರ ತಡೆಹಿಡಿಯುವ ಇಗರ್ಜಿಯ ಪದ್ಧತಿಯನ್ನು ಅವರು ಬೇಗನೆ ಅರಿತಾರು.

ಆದರೂ ಎಲ್ಲಮ್ಮನದು ದುಃಖದ ಕಾಲ. ಆಗಮನ ಕಾಲವು ದುಃಖದ್ದಲ್ಲ, ಆಸೆಯದು. ಆಸೆಯಿಂದ ಕಾಯುವುದರ ನಿಜವಾದ ಮಾದರಿಯನ್ನು ಕಾಣಬೇಕಾದರೆ ಪೂರ್ವಕ್ಕೆ ಸರಿದು ರಾಮದುರ್ಗ ತಾಲೂಕಿಗೆ ಹೋಗಬೇಕು. ಅಲ್ಲಿ ಸುರೇಬಾನದ ಸಮೀಪದಲ್ಲಿ ಶಬರಿಕೊಳ್ಳವಿದೆ. ರಾಮನ ದಾರಿಯನ್ನು ಕಾಯ್ದ ಶಬರಿಯ ನೆಲೆ ಇದೇ ಎಂದು ಆ ಭಾಗದ ಜನರ ನಂಬಿಕೆ. ವಾಲ್ಮೀಕಿಯು ಶಬರಿಯ ಆಶ್ರಮವನ್ನು ಪಂಪಾತೀರದಲ್ಲಿ ಇರಿಸಿದ್ದಾನೆ. ಆ ವಾದ ಪಂಡಿತರಿಗಿರಲಿ.

ಶಬರಿಯೆಂದೊಡನೆ ಎಲ್ಲರಿಗೂ ನೆನಪಾಗುವುದು ಕಚ್ಚಿ ನೋಡಿ ಆರಿಸಿಟ್ಟ ಹಣ್ಣು. ಆ ಮುದ್ದಾದ ಕಥೆ ಜನಮನದಲ್ಲಿ ಬೆಳೆದುಬಂದದ್ದು, ವಾಲ್ಮೀಕಿಯಲ್ಲಿಲ್ಲ. ಅರಣ್ಯಕಾಂಡದಲ್ಲಿ ಇರುವುದು ಇನ್ನೂ ಗಂಭೀರವಾದ ಸಂಗತಿ. ಮತಂಗ ಮುನಿಯ ಆಶ್ರಮದಲ್ಲಿ ಈಕೆ ಸೇವೆಮಾಡಿದ ಋಷಿಗಳು, ರಾಮನು ಚಿತ್ರಕೂಟಕ್ಕೆ ಬಂದ ಸಮಯದಲ್ಲಿ ಸ್ವರ್ಗಸ್ಥರಾಗುತ್ತಾರೆ. ರಾಮನು ಇಲ್ಲಿಗೂ ಬರುವನು, ಅವನನ್ನು ಸತ್ಕರಿಸು ಎಂದು ಹೇಳಿ ಅವರು ಹೊರಟುಹೋಗುತ್ತಾರೆ. ಯಾವಾಗ ಬರುವನೆಂದು ಹೇಳಲಿಲ್ಲ. ಅಂದಿನಿಂದ ಖಾಲಿಯಾದ ಆಶ್ರಮದಲ್ಲಿ ಒಬ್ಬಳೇ ಮುದುಕಿ. ಚಿತ್ರಕೂಟದಿಂದ ಪಂಪೆಯವರೆಗಿನ ದಾರಿಯಲ್ಲಿ ರಾಮನಿಗೆ ಎಷ್ಟು ವರ್ಷ ಹಿಡಿಯಿತೆಂಬುದು ಓದುಗರಿಗೆ ಗೊತ್ತೇ ಇದೆ. ಅಷ್ಟು ವರ್ಷ ಆಕೆ ಕಾಡಿನ ಫಲಗಳನ್ನು ಕೂಡಿಸಿಡುತ್ತಲೇ ಇದ್ದಳು.

ಕಡೆಗೆ ರಾಮನು ಬಂದಾಗ ಮೊದಲು ಕೇಳಿದ್ದೇನು? ಹಣ್ಣಿನ ಮಾತಲ್ಲ. ವಿಘ್ನಗಳನ್ನು ಗೆದ್ದೆಯಾ, ತಪಸ್ಸು ಬೆಳೆಯುತ್ತಿದೆಯೇ, ಕೋಪವನ್ನೂ ಆಹಾರವನ್ನೂ ಹಿಡಿತದಲ್ಲಿ ಇಟ್ಟುಕೊಂಡಿರುವೆಯಾ, ಮನಸ್ಸಿಗೆ ನೆಮ್ಮದಿಯುಂಟೇ ಎಂದು ಆತನು ವಿಚಾರಿಸುತ್ತಾನೆ. ಬಂದ ಅತಿಥಿಯು ಅಂಗಳದ ರಂಗವಲ್ಲಿಯನ್ನು ನೋಡದೆ ಮನೆಯೊಡತಿಯ ಮನಸ್ಸನ್ನು ನೋಡಿದನು. ಸಿಟ್ಟು ಹತೋಟಿಯಲ್ಲಿದೆಯೇ ಎಂಬ ಆ ಒಂದು ಪ್ರಶ್ನೆ, ಹಬ್ಬದ ಹಿಂದಿನ ದಿನ ಅಡಿಗೆಮನೆಯಲ್ಲಿ ಬೇಸತ್ತು ನಿಂತ ಯಾವ ಧರ್ಮದ ಗೃಹಿಣಿಯನ್ನಾದರೂ, ಹೊರಗೆ ಕುಳಿತು ಕಾಫಿಗಾಗಿ ಗದರುವ ಯಾವ ಧರ್ಮದ ಗಂಡನನ್ನಾದರೂ ತಟ್ಟದಿರದು. ಕಥೋಲಿಕರು ಆಗಮನ ಕಾಲದಲ್ಲಿ ಗುರುಗಳ ಮುಂದೆ ಪಾಪನಿವೇದನೆ ಮಾಡುವಾಗ ತಮ್ಮನ್ನು ಕೇಳಿಕೊಳ್ಳುವ ಪ್ರಶ್ನೆಗಳೂ ಇದೇ ಜಾತಿಯವು. ವರ್ಷವಿಡೀ ಮಾತು ಬಿಟ್ಟ ಅಣ್ಣನ ಮನೆಯ ಮೆಟ್ಟಿಲು ಹತ್ತುವುದು, ಹಿಂದಿರುಗಿಸದ ಸಾಲವನ್ನು ಹಿಂದಿರುಗಿಸುವುದು. ಇವು ಕೇಕು ಸುಡುವುದಕ್ಕಿಂತ ಕಷ್ಟದ ಕೆಲಸಗಳು.

ಶಬರಿಯ ಕಾಯುವಿಕೆ ಫಲಿಸಿತು. ಬಾಗಿಲು ತೆರೆಯದೆಯೇ ಮುಗಿದ ಕಾಯುವಿಕೆಯೊಂದರ ನೆನಪೂ ಈ ನೆಲದಲ್ಲಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದಾಗ, ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು. ಕೋಟೆಯ ಒಳಗೆ ವಾರಗಟ್ಟಲೆ ಬಿಡುಗಡೆಯ ದಾರಿ ಕಾಯುತ್ತ ಅವರು ಆ ವರ್ಷದ ಆಗಮನ ಕಾಲವನ್ನು ಪ್ರವೇಶಿಸಿದರು. ಅವರ ಬಾಗಿಲು ತೆರೆಯಿತು. ರಾಣಿ ಚೆನ್ನಮ್ಮ ಅವರನ್ನು ಬಿಟ್ಟುಕೊಟ್ಟಳು. ಆದರೂ ಡಿಸೆಂಬರ್ ಮೊದಲ ವಾರದಲ್ಲಿ, ಶಾಂತಿಯ ಅರಸನ ಆಗಮನಕ್ಕೆ ಸಿದ್ಧರಾಗಬೇಕೆಂದು ಅವರ ಪಂಚಾಂಗ ಸಾರುತ್ತಿದ್ದ ದಿನಗಳಲ್ಲಿಯೇ, ಕಂಪನಿಯ ತೋಪುಗಳು ಕಿತ್ತೂರಿನ ಕೋಟೆಯನ್ನು ಒಡೆದವು. ಈಗ ಸೆರೆಯ ಸರದಿ ರಾಣಿಯದು. ಬೈಲಹೊಂಗಲದ ಕೋಟೆಯಲ್ಲಿ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕಾಯ್ದು, 1829ರ ಫೆಬ್ರವರಿ 2ರಂದು ಆಕೆ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನ ದಂಡು ನಾಡನ್ನು ನಡುಗಿಸಿದಾಗ ಅದನ್ನು ನೋಡಲು ರಾಣಿ ಇರಲಿಲ್ಲ.

ಇದಾದ ನೂರು ವರ್ಷಗಳಿಗೂ ಹೆಚ್ಚಿನ ಅನಂತರ, 1943ರ ನವೆಂಬರಿನಲ್ಲಿ, ಹಿಟ್ಲರನನ್ನು ವಿರೋಧಿಸಿ ಬರ್ಲಿನ್ನಿನ ಸೆರೆಮನೆ ಸೇರಿದ್ದ ಡೀಟ್ರಿಷ್ ಬೊನ್‌ಹೋಫರ್ ಎಂಬ ಜರ್ಮನ್ ಪಾದ್ರಿ ಗೆಳೆಯನಿಗೆ ಪತ್ರ ಬರೆಯುತ್ತ, ಸೆರೆಮನೆಯ ಕೋಣೆ ಆಗಮನ ಕಾಲಕ್ಕೆ ತಕ್ಕ ಹೋಲಿಕೆಯೆಂದು ಹೇಳಿದನು. ಸೆರೆಯಾಳು ಕಾಯುತ್ತಾನೆ, ಆಶಿಸುತ್ತಾನೆ, ಏನೇನೋ ಕೆಲಸ ಮಾಡುತ್ತಾನೆ; ಆದರೆ ಬಾಗಿಲು ತೆರೆಯಬೇಕಾದದ್ದು ಹೊರಗಿನಿಂದ. 1945ರ ಏಪ್ರಿಲ್ 9ರಂದು ಆತನನ್ನು ಗಲ್ಲಿಗೇರಿಸಿದರು. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಯ ಮುಂದೆ ನಿಂತವರಿಗೆ ಈ ಮಾತು ದೂರದ್ದೆನ್ನಿಸದು. ಆಗಮನ ಕಾಲವನ್ನು ಬಣ್ಣದ ದೀಪಗಳಲ್ಲಿ ಮುಳುಗಿಸಿಬಿಟ್ಟರೆ ಕಳೆದುಹೋಗುವುದು ಇದೇ: ಬಾಗಿಲು ಇನ್ನೂ ತೆರೆಯದ ಜನರ ಜೊತೆಗೆ ಕುಳಿತು ಕಾಯುವ ಅಭ್ಯಾಸ. ರೋಗಿಯ ಮಂಚದ ಬಳಿ, ನೌಕರಿ ದೊರೆಯದ ಮಗನ ಬಳಿ, ಗಂಡನ ಪತ್ರ ಬಾರದ ಹೆಣ್ಣಿನ ಬಳಿ.

ಮಕ್ಕಳಿಗೆ ಕಾಯುವುದನ್ನು ಕಲಿಸಲು ಜರ್ಮನಿಯಲ್ಲಿಯೇ ಒಂದು ಉಪಾಯ ಹುಟ್ಟಿತು. 1839ರಲ್ಲಿ ಹ್ಯಾಂಬರ್ಗಿನ ಬಳಿ ಬಡಮಕ್ಕಳ ಆಶ್ರಮವನ್ನು ನಡೆಸುತ್ತಿದ್ದ ಯೋಹಾನ್ ವಿಖರ್ನ್, ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನವೆಂದು ಪೀಡಿಸುತ್ತಿದ್ದ ಹುಡುಗರಿಗಾಗಿ ಹಳೆಯ ಬಂಡಿಯ ಗಾಲಿಯೊಂದರ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿದನು; ವಾರದ ದಿನಗಳಿಗೆ ಸಣ್ಣವು, ರವಿವಾರಗಳಿಗೆ ದೊಡ್ಡವು ನಾಲ್ಕು. ದಿನಕ್ಕೊಂದನ್ನು ಹಚ್ಚುತ್ತ ಹೋದರು. ಈಗಿನ ಚರ್ಚುಗಳಲ್ಲಿ ಹಸಿರೆಲೆಯ ಬಳೆಯ ಮೇಲೆ ಕಾಣುವ ನಾಲ್ಕು ಬತ್ತಿಗಳು ಆ ಗಾಲಿಯ ಸಂತತಿ. ಬೆಳಗಾವಿಗೆ 1820ರಲ್ಲಿ ಲಂಡನ್ ಮಿಶನ್ನಿನವರು, ಧಾರವಾಡಕ್ಕೆ 1837ರಲ್ಲಿ ಬಾಸೆಲ್ ಮಿಶನ್ನಿನವರು ಬಂದರು. ಚಕ್ಕಡಿಯ ಗಾಲಿಗೆ ಕೊರತೆಯಿಲ್ಲದ ಈ ಸೀಮೆಯಲ್ಲಿ ಹಸಿರೆಲೆಯ ಬದಲು ಗಾಲಿಯೇ ಮರಳಿ ಬಂದರೆ ಚೆನ್ನು.

ನಾಲ್ಕನೆಯ ರವಿವಾರದ ಬಲಿಪೂಜೆಗೆ ಲ್ಯಾಟಿನ್ ಸಂಪ್ರದಾಯದಲ್ಲಿ ಒಂದು ಪುರಾತನ ಪ್ರವೇಶಗೀತೆ ಇದೆ. ಪ್ರವಾದಿ ಯೆಶಾಯನ ಗ್ರಂಥದಿಂದ ಬಂದ ಆ ಗೀತೆ ಬೇಡುವುದು ಆಕಾಶದಿಂದ ಇಬ್ಬನಿಯನ್ನು. ಒಣಭೂಮಿಯ ಪ್ಯಾಲೆಸ್ತೀನಿನಲ್ಲಿ ಹುಟ್ಟಿದ ಆ ಬೇಡಿಕೆಯ ಅರ್ಥ, ಹಿಮ ಬೀಳುವ ದೇಶಗಳ ಜನರಿಗಿಂತ, ಮಳೆ ನಿಂತ ಮೇಲೆ ಬಿಳಿಜೋಳ ಬೆಳೆಯುವವರಿಗೇ ಹೆಚ್ಚು ತಿಳಿದೀತು.

ಡಿಸೆಂಬರ್ 24ರ ರಾತ್ರಿ ಇಗರ್ಜಿಗಳಲ್ಲಿ ನೇರಳೆ ಬಟ್ಟೆ ಇಳಿದು ಬಿಳಿಯದು ಬರುತ್ತದೆ; ತಡೆಹಿಡಿದ ಮಹಿಮಾಗೀತೆ ಗಂಟೆಗಳೊಡನೆ ಮೊಳಗುತ್ತದೆ; ಗೋದಲಿಯಲ್ಲಿ ಬಾಲಯೇಸುವಿನ ಮೂರ್ತಿಯನ್ನು ಮಲಗಿಸುತ್ತಾರೆ. ಆ ಹೊತ್ತಿಗೆ ಹೊರಗೆ ಹೊಲದಲ್ಲಿ ಜೋಳ ಇನ್ನೂ ಹಾಲುಗಾಳು. ಸವದತ್ತಿಯ ಗುಡ್ಡದ ತಾಯಿ ಮತ್ತೆ ಬಳೆ ತೊಡಲು ಭಾರತ ಹುಣ್ಣಿಮೆ ಬರಬೇಕು. 2026ರಲ್ಲಿ ಅದು ಫೆಬ್ರವರಿ 1ಕ್ಕೆ ಬಿದ್ದಿತು, ಅಂದು ರವಿವಾರ.